ರಕ್ತ ಕಂಡರೆ ತಪ್ಪನ್ನು ಖಾರದ ಮೇಲೆ ಹಾಕಬೇಡಿ

ಕದರಮಂಡಲಗಿ, ಬ್ಯಾಡಗಿ ಎಂದರೆ ಮೆಣಸಿನಕಾಯಿ ಸೀಮೆ. ಮಲದಲ್ಲಿ ರಕ್ತ ಕಂಡರೆ ‘ಖಾರ ಹೆಚ್ಚಾಯ್ತು, ಇಲ್ಲವೇ ಮೂಲವ್ಯಾಧಿ’ ಎಂದು ನೀವೇ ತೀರ್ಮಾನಿಸಿ ಸುಮ್ಮನಾಗುತ್ತೀರಿ. ತಪ್ಪುವುದು ಇಲ್ಲೇ. ಹೆಚ್ಚಿನವರಿಗೆ ಅದು ಮೂಲವ್ಯಾಧಿಯೇ ಇರಬಹುದು, ಒಪ್ಪುತ್ತೇನೆ. ಆದರೆ ದೊಡ್ಡ ಕರುಳಿನ ಕ್ಯಾನ್ಸರೂ ಹೀಗೆಯೇ ರಕ್ತ ತೋರಿಸುತ್ತದೆ. ಮೂಲವ್ಯಾಧಿ ಇದ್ದವರಿಗೆ ಅದು ಬರಬಾರದೆಂದೇನೂ ಇಲ್ಲ. ಎರಡನ್ನೂ ಬೇರ್ಪಡಿಸುವುದು ಪರೀಕ್ಷೆ, ಊಹೆಯಲ್ಲ. ಜೊತೆಗೆ ವಾರಗಟ್ಟಲೆ ಮಲವಿಸರ್ಜನೆಯ ರೀತಿ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಕಂಡರೆ, ನಾಟಿ ಔಷಧಿಯಲ್ಲಿ ತಿಂಗಳು ಕಳೆಯಬೇಡಿ.

ಸರ್ಕಾರದ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಇರುವುದು ಬಾಯಿ, ಸ್ತನ, ಗರ್ಭಕಂಠಕ್ಕೆ. ಕರುಳಿನ ಬಗ್ಗೆ ನೀವೇ ಕೇಳಬೇಕು. ಹೆತ್ತವರಿಗೋ ಒಡಹುಟ್ಟಿದವರಿಗೋ ಕರುಳಿನ ಕ್ಯಾನ್ಸರ್ ಬಂದಿದ್ದರೆ 40ನೇ ವಯಸ್ಸಿಗೇ ಕೇಳಿ. ಕರುಳನ್ನು ಒಳಗಿನಿಂದ ನೋಡುವ ಕೊಲೊನೋಸ್ಕೋಪಿ ಪರೀಕ್ಷೆ ಎಂದರೆ ನಾಚಿಕೆ ಅನ್ನುತ್ತೀರಿ. ಆದರೆ ಕರುಳಿನೊಳಗಿನ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಬೇಕು, ಅಷ್ಟರಲ್ಲಿ ಸಿಕ್ಕರೆ ಅದೇ ಪರೀಕ್ಷೆಯಲ್ಲಿ ತೆಗೆದುಬಿಡಬಹುದು. ಆರಂಭದ ಹಂತದಲ್ಲಿ ಎಷ್ಟೋ ಸಲ ಶಸ್ತ್ರಚಿಕಿತ್ಸೆಯೊಂದೇ ಸಾಕಾಗುತ್ತದೆ; ತಡವಾದರೆ ಕಿಮೋಥೆರಪಿಯೂ ಸೇರುತ್ತದೆ. ಖರ್ಚಿನ ಚಿಂತೆಯೇ? ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹುಬ್ಬಳ್ಳಿಯ ನವನಗರದಲ್ಲೇ ಕ್ಯಾನ್ಸರ್ ಆಸ್ಪತ್ರೆಯಿದೆ. ರಕ್ತ ಕಂಡ ವಾರವೇ ಹತ್ತಿರದ ಸರ್ಕಾರಿ ವೈದ್ಯರ ಬಳಿ ಹೋಗಿ, ಮುಚ್ಚಿಡದೆ ಹೇಳಿ.