ನಡುರಾತ್ರಿಯ ಸ್ತೋತ್ರವೂ ನೆರೆಮನೆಯವರ ಕಿವಿಯೂ

ಪಾಠಭಾಗ: ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯ, 11ರಿಂದ 34ರ ವರೆಗೆ. ಕೂಡ ಓದತಕ್ಕವುಗಳು: ಕೀರ್ತನೆ 13, ಹಬಕ್ಕೂಕ 3ನೆಯ ಅಧ್ಯಾಯದ ಕೊನೆಯ ಭಾಗ, ಯೋಹಾನ 6ನೆಯ ಅಧ್ಯಾಯ.



ದೇವರನ್ನು ದಿನಾಲು ಸ್ತುತಿಸಬೇಕೆಂತಲೂ ನಮ್ಮ ವಿಶ್ವಾಸವನ್ನು ಪರರಿಗೆ ತಿಳಿಸಬೇಕೆಂತಲೂ ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಆದರೆ ಮೊದಲನೆಯದನ್ನು ಆದಿತ್ಯವಾರದ ಆರಾಧನೆಗೂ ಎರಡನೆಯದನ್ನು ಸಂಬಳದ ಉಪದೇಶಿಗೂ ಒಪ್ಪಿಸಿಬಿಟ್ಟು ಸುಮ್ಮಗೆ ಕೂತವರು ನಮ್ಮಲ್ಲಿ ಸ್ವಲ್ಪ ಮಂದಿಯಲ್ಲ. ಇವೆರಡೂ ಬೇರೆಬೇರೆ ಕೆಲಸಗಳೆಂದು ಎಣಿಸಿದ್ದರಿಂದಲೇ ಈ ತಪ್ಪು ಬಂತೆಂದು ತೋರುತ್ತದೆ. ಫಿಲಿಪ್ಪಿ ಪಟ್ಟಣದ ಸೆರೆಮನೆಯಲ್ಲಿ ಇವೆರಡೂ ಒಂದೇ ರಾತ್ರಿಯಲ್ಲಿ, ಒಂದೇ ಬಾಯಿಂದ ಹೊರಟವು. ಆ ಸಂಗತಿಯನ್ನು ಸಾವಕಾಶವಾಗಿ ನೋಡೋಣ.

ಫಿಲಿಪ್ಪಿಯು ಮಕೆದೋನ್ಯ ಸೀಮೆಯಲ್ಲಿ ರೋಮಿನವರು ನೆಲೆಯೂರಿದ್ದ ಪಟ್ಟಣ. ಅಲ್ಲಿ ಪೌಲನ ಮಾತಿಗೆ ಮೊದಲು ಮನಸ್ಸು ಕೊಟ್ಟವಳು ಲುದ್ಯ ಎಂಬ ಹೆಂಗಸು. ಆಕೆ ಧೂಮ್ರವರ್ಣದ ಬಟ್ಟೆಗಳನ್ನು ಮಾರುವವಳು. (ಬೇಟಗೇರಿಯಲ್ಲಿಯೂ ಗುಳೇದಗುಡ್ಡದಲ್ಲಿಯೂ ಮಗ್ಗದ ಸದ್ದಿನ ನಡುವೆ ಬೆಳೆದವರು ಇದನ್ನು ಓದುವಾಗ ತಮ್ಮ ಮನೆಯವಳನ್ನು ಕಂಡಂತೆ ಸಂತೋಷಪಡಬಹುದು.) ತರುವಾಯ ಕಣಿಹೇಳುವ ದೆವ್ವವು ಹಿಡಿದಿದ್ದ ಒಬ್ಬ ದಾಸಿಗೆ ಬಿಡುಗಡೆಯಾಯಿತು. ಅವಳಿಂದ ಹಣ ಗಳಿಸುತ್ತಿದ್ದ ಯಜಮಾನರಿಗೆ ಆದಾಯ ಹೋಯಿತು, ಸಿಟ್ಟು ಬಂತು. ಪೌಲಸೀಲರನ್ನು ಚಾವಡಿಗೆ ಎಳೆದು, ಬಟ್ಟೆ ಹರಿದು, ಬೆತ್ತಗಳಿಂದ ಹೊಡಿಸಿ, ಒಳಗಣ ಸೆರೆಕೋಣೆಯಲ್ಲಿ ಕಾಲಿಗೆ ಕೋಳಹಾಕಿ ಕೂಡಿಸಿದರು. ನಡುರಾತ್ರಿಯಲ್ಲಿ ಇವರಿಬ್ಬರೂ ಪ್ರಾರ್ಥನೆಮಾಡಿ ದೇವರಿಗೆ ಪದಗಳನ್ನು ಹಾಡುತ್ತಿದ್ದರು. ಇದರ ಮುಂದೆ ಲೂಕನು ಒಂದು ಚಿಕ್ಕ ಮಾತನ್ನು ಸೇರಿಸಿದ್ದಾನೆ. ಓದುವವರು ಭೂಕಂಪದ ಕಡೆಗೆ ಓಡುವ ಆತುರದಲ್ಲಿ ಅದನ್ನು ದಾಟಿಹೋಗುತ್ತಾರೆ. ಮಿಕ್ಕ ಸೆರೆಯವರು ಅದನ್ನು ಕಿವಿಗೊಟ್ಟು ಕೇಳುತ್ತಿದ್ದರು.

ಆ ಕತ್ತಲೆಯಲ್ಲಿ ಪೌಲನು ಅವರಿಗೆ ಪ್ರಸಂಗಮಾಡಿದನೆಂದು ಬರೆದಿಲ್ಲ. ಹಾಡು ದೇವರ ಕಡೆಗೆ ಹೋಯಿತು. ಗೋಡೆಯ ಆಚೆಯಿದ್ದವರು ಕೇಳಿದರು. ಅನಂತರ ನೆಲ ನಡುಗಿತು, ಕದಗಳು ತೆರೆದವು, ಸೆರೆಯ ಯಜಮಾನನು ಕತ್ತಿಯನ್ನು ಹಿರಿದು ತನ್ನನ್ನೇ ಕೊಂದುಕೊಳ್ಳಬೇಕೆಂದಿದ್ದನು. ಯಾರೂ ಓಡಿಹೋಗಿಲ್ಲವೆಂದು ಪೌಲನು ಕೂಗಿ ತಡೆದನು. ಆಗ ಆ ಮನುಷ್ಯನು ನಡುಗುತ್ತಾ ಬಂದು, ತನಗೆ ರಕ್ಷಣೆಯಾಗುವ ಬಗೆ ಯಾವದೆಂದು ತಾನಾಗಿಯೇ ಕೇಳಿದನು. ಪ್ರಶ್ನೆ ಬಂದ ಮೇಲೆಯೇ ಉತ್ತರ. ಆ ಉತ್ತರವೂ ಬಹಳ ಉದ್ದವಲ್ಲ. ಅದೇ ಗಳಿಗೆಯಲ್ಲಿ ಅವನು ಇವರ ಗಾಯಗಳನ್ನು ತೊಳೆದು, ಮನೆಯವರೆಲ್ಲರ ಸಂಗಡ ದೀಕ್ಷಾಸ್ನಾನ ಹೊಂದಿ, ತನ್ನ ಮನೆಯಲ್ಲಿ ಊಟಕ್ಕೆ ಇಟ್ಟನು. ಸ್ತೋತ್ರ, ಕೇಳುವ ಕಿವಿ, ನಂಬಿಗಸ್ತ ನಡತೆ, ಪ್ರಶ್ನೆ, ಉತ್ತರ: ಸಾಕ್ಷಿಯು ಹೀಗೆ ಒಂದರಿಂದೊಂದು ಹುಟ್ಟಿತು. ನಾವು ಬಹಳವಾಗಿ ಕೊನೆಯಿಂದ ಆರಂಭಿಸುತ್ತೇವೆ. ಪ್ರಶ್ನೆ ಕೇಳದವನಿಗೆ ಉತ್ತರ ಹೇಳಹೋಗುತ್ತೇವೆ, ಅವನು ಮುಖ ತಿರುಗಿಸಿದರೆ ಅವನ ಮನಸ್ಸು ಕಠಿಣವೆನ್ನುತ್ತೇವೆ.

ನಮ್ಮ ಸೀಮೆಯ ಒಂದು ಸಂಗತಿಯನ್ನು ಇಲ್ಲಿ ನೆನಸಬೇಕು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ಕೆಲಸ ಹಿಡಿದರು. ಮುಂದಾಗತಕ್ಕವುಗಳನ್ನು ತಿಳಿಸುವ ಕಾಲಜ್ಞಾನದ ಮಾತುಗಳನ್ನು ನಂಬಿದ್ದ ಕೆಲವರು ಆ ದಿವಸಗಳಲ್ಲಿ ಬೋಧಕರ ಬಳಿಗೆ ಬಂದು ವಿಚಾರಿಸುತ್ತಿದ್ದರು. ಇವರ ಹಿಂದೆ ಬಹುಜನರು ಬರುವರೆಂಬ ದೊಡ್ಡ ನಿರೀಕ್ಷೆ ಹುಟ್ಟಿತು. 1841ರಲ್ಲಿ ಬೇಟಗೇರಿಯಲ್ಲಿಯೂ ಮಲ್ಲಸಮುದ್ರದಲ್ಲಿಯೂ ಸ್ಥಾನಗಳು ಏರ್ಪಟ್ಟವು. ಬರುವವರು ಒಕ್ಕಲುತನಮಾಡಿಕೊಂಡು ಕೂಡಿ ಬಾಳಲೆಂದು ಮಲ್ಲಸಮುದ್ರದಲ್ಲಿ ನೆಲವೂ ಸಿದ್ಧವಾಯಿತು. ಎಣಿಸಿದ ಸಮೂಹವು ಬರಲಿಲ್ಲ.

ಇದನ್ನು ಹಳಬರ ಬುದ್ಧಿಗೇಡಿತನವೆಂದು ನಗಬಾರದು. ಅವರ ಆಶೆಯು ಒಳ್ಳೇದು, ಪ್ರಯಾಸವು ದೊಡ್ಡದು. ಆದರೆ ಎರೆಯ ಹೊಲದವನಿಗೆ ತಿಳಿದದ್ದು ಏನಂದರೆ, ಹಗೇವು ತೋಡಿದ ಮಾತ್ರಕ್ಕೆ ಜೋಳ ಬೆಳೆಯುವದಿಲ್ಲ. ಮುಂದೆ ಈ ಸುತ್ತಲಿನ ಊರುಗಳಲ್ಲಿ ಸಭೆಯು ಹೆಚ್ಚಿದ್ದು ಒಮ್ಮೆಗೇ ಅಲ್ಲ. ಮನೆಯಿಂದ ಮನೆಗೆ, ಬೀಗರಿಂದ ಬೀಗರಿಗೆ, ನಿಧಾನವಾಗಿ.

ಇನ್ನು, ನಮ್ಮ ಬಾಯನ್ನು ಕಟ್ಟಿಹಾಕುವ ಒಂದು ನಿಂದೆಯುಂಟು. ಅದನ್ನು ಮರೆಮಾಡದೆ ಹೇಳುವದೇ ಒಳ್ಳೇದು. 1876ರಲ್ಲಿ ಮಳೆ ತಪ್ಪಿ, 1878ರ ವರೆಗೆ ಧಾರವಾಡ, ಬಿಜಾಪುರ, ಬಳ್ಳಾರಿ, ಮೈಸೂರು ಸೀಮೆಗಳನ್ನು ಹಾಳುಮಾಡಿದ ದೊಡ್ಡ ಬರವನ್ನು ಕುರಿತು ನಮ್ಮ ಹಿರಿಯರು ಹೇಳುತ್ತಿದ್ದರು. ಧಾತು ಈಶ್ವರ ಸಂವತ್ಸರಗಳ ಬರವೆಂದು ಅದಕ್ಕೆ ಹೆಸರು. ಆ ಕಾಲದಲ್ಲಿ ದಕ್ಷಿಣ ಭಾರತದ ಅನೇಕ ಮಿಶನ್ನಿನವರು ಹಸಿದವರಿಗೆ ಅನ್ನವನ್ನೂ ದಿಕ್ಕಿಲ್ಲದ ಮಕ್ಕಳಿಗೆ ಆಸರೆಯನ್ನೂ ಕೊಟ್ಟರು. ಆ ಮೇಲೆ ಹಲವು ಕಡೆಗಳಲ್ಲಿ ಸಭೆಗಳ ಲೆಕ್ಕ ಹೆಚ್ಚಿತು. ಅಂದಿನಿಂದ ಇಂದಿನ ವರೆಗೂ, “ನಿಮ್ಮ ಹಿರಿಯರು ಕಾಳಿಗಾಗಿ ಕುಲಬಿಟ್ಟರು” ಎಂದು ಯಾರಾದರೂ ಅಂದರೆ ನಮ್ಮ ಹುಡುಗರು ತಲೆ ತಗ್ಗಿಸುತ್ತಾರೆ, ಇಲ್ಲವೆ ಜಗಳಕ್ಕೆ ನಿಲ್ಲುತ್ತಾರೆ.

ಎರಡೂ ಬೇಡ. ಯೋಹಾನನ 6ನೆಯ ಅಧ್ಯಾಯವನ್ನು ತೆರೆಯಿರಿ. ಕರ್ತನು ಐದು ಸಾವಿರ ಜನರಿಗೆ ರೊಟ್ಟಿ ಕೊಟ್ಟನು. ಮರುದಿನ ಅವರು ಆತನನ್ನು ಹುಡುಕಿಕೊಂಡು ಬಂದಾಗ, ಅವರು ಬಂದದ್ದು ಹೊಟ್ಟೆ ತುಂಬಿದ ಕಾರಣದಿಂದಲೇ ಎಂದು ಆತನು ಮುಖದೆದುರಿಗೆ ಹೇಳಿದನು. ಆದರೂ ಅವರನ್ನು ಓಡಿಸಲಿಲ್ಲ. ನಾಶವಾಗದ ಆಹಾರದ ವಿಷಯವಾಗಿ ಅವರಿಗೇ ಕಲಿಸಿದನು. ಆ ಬೋಧನೆಯು ಗಟ್ಟಿಯಾಗಲು ಅನೇಕರು ಬಿಟ್ಟುಹೋದರು. ಹನ್ನೆರಡು ಮಂದಿ ಉಳಿದರು. ನೀವೂ ಹೋಗಬೇಕೆಂದಿದ್ದೀರೋ ಎಂದು ಆತನು ಕೇಳಿದಾಗ, ಪೇತ್ರನು ತಾವು ಹೋಗತಕ್ಕ ಸ್ಥಳ ಬೇರೆ ಇಲ್ಲವೆಂದನು. ಆದ್ದರಿಂದ ನಮ್ಮ ಹಿರಿಯರಲ್ಲಿ ಕೆಲವರು ಹಸಿವೆಯಿಂದ ಬಂದದ್ದು ನಿಜವೆಂದು ಒಪ್ಪಿಕೊಳ್ಳುವದರಲ್ಲಿ ಅವಮಾನವಿಲ್ಲ. ಹಸಿದವನಿಗೆ ಊಟ ಬೇಕು. ಊಟವಾದ ಮೇಲೆ ಅವರು ಯಾಕೆ ಉಳಿದರೆಂಬದೇ ಕೇಳತಕ್ಕ ಪ್ರಶ್ನೆ.

1914ರಲ್ಲಿ ಯುರೋಪಿನ ಮಹಾಯುದ್ಧವು ಹತ್ತಿತು. ಜರ್ಮನ್ ದೇಶದ ಬೋಧಕರನ್ನು ಸರಕಾರದವರು ಕಾವಲಲ್ಲಿಟ್ಟು ಕಡೆಗೆ ದೇಶದಿಂದ ಕಳುಹಿಸಿಬಿಟ್ಟರು. ಮಿಶನ್ನಿನ ಹಂಚಿನ ಕಾರ್ಖಾನೆಗಳೂ ನೇಯಿಗೆಯ ಕಾರ್ಖಾನೆಗಳೂ ಬೇರೆಯವರ ಕೈಸೇರಿದವು. ಬೇರೆ ಮಿಶನ್ನಿನವರೂ ದೇಶೀಯ ಬೋಧಕರೂ ಭಾರವನ್ನು ಹೊತ್ತುಕೊಂಡರು, ದಿನಗಳು ಬಿಗಿಯಾಗಿದ್ದವು. ಆದರೂ ಸಭೆಗಳು ಅಳಿಯಲಿಲ್ಲ. ಬರೀ ಕಾಳಿಗಾಗಿ ಬಂದವರಾಗಿದ್ದರೆ, ಕಾಳು ಕೊಟ್ಟ ಕೈ ಹೋದ ಮೇಲೆ ಹಾಡುವದಕ್ಕೆ ಕಾರಣವೇನು? ನಿಂದಿಸುವವನಿಗೆ ಇದಕ್ಕಿಂತ ಸೌಮ್ಯವಾದ ಉತ್ತರವನ್ನು ನಾನು ಅರಿಯೆನು. ಆದರೆ ಈ ಉತ್ತರವನ್ನು ಹೇಳುವ ಮನೆಯಲ್ಲಿ ಇಂದು ಸ್ತೋತ್ರವೇ ಕೇಳಿಸದಿದ್ದರೆ, ಮುತ್ತಜ್ಜನ ಸಾಕ್ಷಿಯನ್ನು ನಾವು ಎಷ್ಟು ದಿವಸ ಸಾಲ ತಂದು ತಿನ್ನೋಣ?

ಮಳೆ ಬಾರದಾಗಲೂ ಸಾಲ ತೀರದಾಗಲೂ ದೇವರನ್ನು ಸ್ತುತಿಸುವದು ಕಪಟವಲ್ಲವೋ ಎಂದು ಕೆಲವರು ಸಂಕಟದಿಂದ ಕೇಳುತ್ತಾರೆ. ಹಿಂಗಾರಿ ಮಳೆ ಕೈಬಿಟ್ಟು, ಬಿತ್ತಿದ ಜೋಳವು ಗೇಣುದ್ದಕ್ಕೇ ಒಣಗಿ, ಬೀಜದ ಸಾಲವು ತಲೆಯ ಮೇಲಿರುವವನಿಗೆ ಹಾಡೆಂದು ಹೇಳುವದು ಸುಲಭ, ಹೇಳುವವನ ಹೊಲವಲ್ಲವಲ್ಲಾ! ಆದರೆ ಸತ್ಯವೇದವು ಇಂಥವನಿಗೆ ನಟನೆಯನ್ನು ಕಲಿಸುವದಿಲ್ಲ. 13ನೆಯ ಕೀರ್ತನೆಯು ದೂರಿನಿಂದ ಆರಂಭವಾಗುತ್ತದೆ: ದೇವರು ಎಷ್ಟರ ವರೆಗೆ ಮರೆತಿರುವನೆಂದು ದಾವೀದನು ಮತ್ತೆಮತ್ತೆ ಕೇಳುತ್ತಾನೆ. ಕೊನೆಯಲ್ಲಿ ಹಾಡುತ್ತಾನೆ. ನಡುವೆ ಶತ್ರು ಸತ್ತನೆಂದಾಗಲಿ ಕಷ್ಟ ತೀರಿತೆಂದಾಗಲಿ ಬರೆದಿಲ್ಲ. ಪ್ರವಾದಿಯಾದ ಹಬಕ್ಕೂಕನು ಅಂಜೂರವು ಚಿಗುರದಿದ್ದರೂ ಹೊಲವು ಆಹಾರ ಕೊಡದಿದ್ದರೂ ಹಟ್ಟಿಯಲ್ಲಿ ದನ ಇಲ್ಲದಿದ್ದರೂ ಎಂದು ನಷ್ಟವನ್ನೆಲ್ಲಾ ಒಂದೊಂದಾಗಿ ಎಣಿಸಿ, ಆ ಮೇಲೆ ಕರ್ತನಲ್ಲಿ ಉಲ್ಲಾಸಪಡುತ್ತಾನೆ. ಅವನು ಬರವನ್ನು ಕಾಣದವನಲ್ಲ. ಅತ್ತು ಸ್ತುತಿಸುವದು ಕಪಟವಲ್ಲ. ಅಳುವದಕ್ಕೆ ನಾಚಿ ಸ್ತುತಿಸಿದಂತೆ ತೋರಿಸುವದು ಕಪಟ.

ದಿನದ ಸ್ತೋತ್ರದ ಕ್ರಮವನ್ನು ಕುರಿತು ಬಹಳ ಬರೆಯಬೇಕಾದದ್ದಿಲ್ಲ. ಹಿಂದೆ ನಮ್ಮ ತಾಯಂದಿರು ಕೋಳಿ ಕೂಗುವ ಹೊತ್ತಿಗೆ ಬೀಸುವ ಕಲ್ಲಿನ ಮುಂದೆ ಕೂತು ಪದಗಳನ್ನು ಹಾಡುತ್ತಿದ್ದರು. ಗೋಡೆಯಾಚೆಯ ಮನೆಗೆ ಅದು ಕೇಳಿಸುತ್ತಿತ್ತು. ಈಗ ಬೀಸುವದನ್ನು ಗಿರಣಿಯು ಮಾಡುತ್ತದೆ, ಹಾಡುವದನ್ನು ಕೈಯಲ್ಲಿರುವ ಮೊಬೈಲು ಮಾಡುತ್ತದೆ. ಮೊಬೈಲಿನ ಹಾಡನ್ನು ಕೇಳಬಾರದೆಂದು ಹೇಳುವದಿಲ್ಲ. ಆದರೆ ನೆರೆಯವಳು ನಿನ್ನ ದನಿಯನ್ನು ಬಲ್ಲಳು. ನಿನ್ನ ದನಿಯಲ್ಲಿ ಕೇಳಿದ್ದನ್ನು ನಿನ್ನ ಬದುಕಿಗೆ ಹಚ್ಚಿ ನೋಡುವಳು. ಬೆಳಗ್ಗೆ ಒಲೆ ಹಚ್ಚುವ ಮೊದಲು ಒಂದು ಪದ, ಒಂದು ಕೀರ್ತನೆ, ನಿನ್ನೆ ಹೊಂದಿದ ಉಪಕಾರವೊಂದರ ಹೆಸರು ಹಿಡಿದು ಒಂದು ಸ್ತುತಿ. ಓದುಬಾರದ ಅಜ್ಜಿಯೂ ಇಷ್ಟನ್ನು ನಡಿಸಬಲ್ಲಳು. ಗಂಡಸರು ಹೊಲಕ್ಕೆ ಹೊತ್ತಾಯಿತೆಂದು ನೆವ ಹೇಳಬಾರದು. ಚಹಾ ಅಂಗಡಿಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ.

ಪರರಿಗೆ ಹೇಳುವ ವಿಷಯದಲ್ಲಿ ಗೆರಸೇನರ ಸೀಮೆಯ ಮನುಷ್ಯನನ್ನು ನೋಡಿರಿ (ಮಾರ್ಕ 5). ದೆವ್ವಗಳಿಂದ ಬಿಡುಗಡೆಯಾದವನು ಕರ್ತನ ಸಂಗಡಲೇ ಬರುತ್ತೇನೆಂದು ಬೇಡಿಕೊಂಡರೂ, ಆತನು ಅವನನ್ನು ಮನೆಗೆ, ಅವನ ಸ್ವಂತ ಜನರ ಬಳಿಗೆ ಕಳುಹಿಸಿದನು. ಅವನು ಹೇಳಬೇಕಾದದ್ದು ತನಗಾದ ಉಪಕಾರವನ್ನೇ. ಪಂಡಿತನ ತರ್ಕವನ್ನು ಅವನಿಂದ ಯಾರೂ ಕೇಳಲಿಲ್ಲ. ನಮ್ಮಲ್ಲಿಯಾದರೋ, ಪರರ ದೇವರುಗಳನ್ನು ಹಳಿದರೆ ಸುವಾರ್ತೆ ಸಾರಿದಂತಾಯಿತೆಂದು ತಿಳಿಯುವ ಯೌವನಸ್ಥರು ಉಂಟು. ಜಾತ್ರೆಗೆ ಹೊರಟ ನೆರೆಯವನನ್ನು ಹಾದಿಯಲ್ಲಿ ನಿಲ್ಲಿಸಿ ಕೆಣಕಿದರೆ, ಅವನು ನಮ್ಮ ಸಿಟ್ಟನ್ನು ಕೇಳುವನೇ ಹೊರತು ನಮ್ಮ ಸ್ತೋತ್ರವನ್ನು ಕೇಳನು. ಹಾಗೆಯೇ ಯಾರಿಗೂ ಹಣದ ಆಶೆಯನ್ನಾಗಲಿ ರೋಗದ ಭಯವನ್ನಾಗಲಿ ತೋರಿಸಿ ಕರೆಯಬಾರದು. ಮೇಲೆ ಹೇಳಿದ ನಿಂದೆಯನ್ನು ಒಂದು ನೂರು ವರ್ಷಕ್ಕೂ ಹೆಚ್ಚು ಹೊತ್ತವರು ನಾವು. ಅದನ್ನು ನಮ್ಮ ಕೈಯಿಂದಲೇ ಹೊಸದು ಮಾಡುವದು ಬೇಡ.

ಹಳೇ ಬೋಧಕರಲ್ಲಿ ಒಳ್ಳೆಯವರು ಹೇಳುವದಕ್ಕೆ ಮುಂಚೆ ಕೇಳುವದನ್ನು ಕಲಿತಿದ್ದರು. ಹೆರ್ಮನ್ ಮ್ಯೋಗ್ಲಿಂಗರು 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದವರು. ಅವರು ಹರಿದಾಸರ ಪದಗಳನ್ನೂ ಕೂಡಿಸಿ ಅಚ್ಚುಹಾಕಿಸಿದರು. 1853ರಲ್ಲಿ ಬಂದ ಫೆರ್ಡಿನಾಂಡ್ ಕಿಟ್ಟೆಲರು ಕರ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿ 1862ರಲ್ಲಿ ಕಥಾಮಾಲೆ ಎಂಬ ಪುಸ್ತಕವನ್ನು ಪ್ರಕಟಿಸಿದರು. ಅವರ ದೊಡ್ಡ ನಿಘಂಟು 1894ರಲ್ಲಿ ಹೊರಬಂತು. ದೂರದೇಶದವರು ನಮ್ಮ ನೆರೆಯವರ ಮಾತಿಗಾಗಿ ಇಷ್ಟು ವರ್ಷ ಕಿವಿಗೊಟ್ಟರು. ಅದೇ ಓಣಿಯಲ್ಲಿ ಹುಟ್ಟಿದ ನಾವು ನೆರೆಯವನ ಮಗಳ ಲಗ್ನದ ಚಿಂತೆಯನ್ನೂ ಅವನ ಎತ್ತು ಸತ್ತ ದುಃಖವನ್ನೂ ಒಮ್ಮೆ ಕೂತು ಕೇಳಿದೆವೋ?

ಬರುವ ಆದಿತ್ಯವಾರದ ಪಾಠಕ್ಕೆ ಮನೆಯ ಯಜಮಾನರು ಹೆಂಡತಿಮಕ್ಕಳೊಡನೆ ಈ ಪ್ರಶ್ನೆಗಳನ್ನು ವಿಚಾರಿಸಿಕೊಂಡು ಬರತಕ್ಕದ್ದು. ಸೆರೆಯ ಯಜಮಾನನು ಪೌಲನನ್ನು ಪ್ರಶ್ನೆ ಕೇಳುವಷ್ಟರಲ್ಲಿ ಏನೇನು ನೋಡಿದ್ದನು, ಏನೇನು ಕೇಳಿದ್ದನು? ಲೂಕನ 17ನೆಯ ಅಧ್ಯಾಯದಲ್ಲಿ ಗುಣಹೊಂದಿದ ಹತ್ತು ಮಂದಿಯಲ್ಲಿ ತಿರಿಗಿ ಬಂದು ಗಟ್ಟಿಯಾಗಿ ಸ್ತುತಿಸಿದವನು ಯಾವ ಜನಾಂಗದವನು, ಮಿಕ್ಕ ಒಂಭತ್ತು ಮಂದಿ ಎಲ್ಲಿದ್ದರು? ಕಳೆದ ವಾರದಲ್ಲಿ ನಮ್ಮ ಮನೆಯ ಗೋಡೆಯಾಚೆಗೆ ಕೇಳಿಸಿದ ಮಾತುಗಳು ಯಾವವು? ಈ ಕಡೇ ಪ್ರಶ್ನೆಗೆ ಮಕ್ಕಳು ಮೊದಲು ಉತ್ತರ ಹೇಳಲಿ. ದೊಡ್ಡವರು ನಡುವೆ ಬಾಯಿಹಾಕಬಾರದು.