ಕಾಂಕ್ರೀಟಿನ ನಾಡಿಪರೀಕ್ಷೆ

ಬಸವೇಶ್ವರನಗರದಲ್ಲಿ ನಲವತ್ತು ವರ್ಷಗಳ ಹಿಂದೆ ಕಾಂಕ್ರೀಟು ಕಂಬಗಳ ಮೇಲೆ ಕಟ್ಟಿದ ಮನೆಯೊಂದಿದೆ. ಅದರ ಮೇಲೆ ಇನ್ನೊಂದು ಅಂತಸ್ತನ್ನು ಎತ್ತಬೇಕೆಂದು ಯಜಮಾನರಿಗೆ ಆಸೆಯಾಗಿದೆ ಎಂದು ಭಾವಿಸೋಣ. ಕೆಳಗಿನ ಕಂಬಗಳು ಆ ಭಾರವನ್ನು ತಾಳಬಲ್ಲವೆ? ಕಂಬವನ್ನು ಒಡೆದು ನೋಡಿದರೆ ಉತ್ತರವೇನೋ ದೊರೆಯುತ್ತದೆ, ಆದರೆ ಕಂಬ ಉಳಿಯುವುದಿಲ್ಲ. ಒಡೆಯದೆಯೇ ಒಳಗನ್ನು ಅರಿಯುವ ಉಪಾಯಗಳಿಗೆ ಅವಿನಾಶಕ ಪರೀಕ್ಷೆಗಳೆಂದು ಹೆಸರು.

ಇವುಗಳಲ್ಲಿ ಅತ್ಯಂತ ಸುಲಭವಾದುದು ಸ್ವಿಟ್ಜರ್ಲೆಂಡಿನ ಶ್ಮಿಟ್ ಎಂಬಾತನು ರೂಪಿಸಿದ ಸುತ್ತಿಗೆ. ಸ್ಪ್ರಿಂಗಿನ ಬಲದಿಂದ ಹೊರಟ ಉಕ್ಕಿನ ತೂಕವೊಂದು ಕಂಬಕ್ಕೆ ಒತ್ತಿ ಹಿಡಿದ ಕಡ್ಡಿಯನ್ನು ಬಡಿದು ಹಿಂದಕ್ಕೆ ಪುಟಿಯುತ್ತದೆ. ಮೇಲ್ಮೈ ಗಟ್ಟಿಯಾದಷ್ಟೂ ಪುಟಿತ ಹೆಚ್ಚು. ಆದರೆ ಇಲ್ಲೊಂದು ಮೋಸವುಂಟು. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡು ವರ್ಷಗಟ್ಟಲೆ ಕಾಂಕ್ರೀಟಿನೊಳಕ್ಕೆ ಇಳಿದು, ಅಲ್ಲಿಯ ಸುಣ್ಣವನ್ನು ಸುಣ್ಣಕಲ್ಲಿನ ದ್ರವ್ಯವನ್ನಾಗಿ ಮಾರ್ಪಡಿಸುವುದರಿಂದ ಮೇಲ್ಪದರ ಗಡುಸಾಗುತ್ತದೆ. ಅದೇ ಕಾರ್ಯದಿಂದ ಕಾಂಕ್ರೀಟಿನ ಕ್ಷಾರಗುಣ ಕುಗ್ಗುತ್ತದೆ; ಉಕ್ಕಿನ ಸರಳನ್ನು ತುಕ್ಕಿನಿಂದ ಕಾಯುತ್ತಿದ್ದುದು ಆ ಕ್ಷಾರಗುಣವೇ! ಹೀಗೆ ಕಂಬವು ಅಪಾಯವನ್ನು ಸಮೀಪಿಸುತ್ತಿರುವಾಗಲೇ ಸುತ್ತಿಗೆಯು ಅದಕ್ಕೆ ಹೆಚ್ಚು ಅಂಕ ಕೊಡುತ್ತದೆ.

ಎರಡನೆಯದು ಕಿವಿಗೆ ಕೇಳಿಸದ ಶಬ್ದತರಂಗದ ಪರೀಕ್ಷೆ. 30 ಸೆಂಟಿಮೀಟರು ದಪ್ಪದ ಕಂಬವನ್ನು ತರಂಗವು ಸೆಕೆಂಡಿನ ಹತ್ತು ಲಕ್ಷದಲ್ಲಿ 75 ಭಾಗಗಳಷ್ಟು ಕಾಲದಲ್ಲಿ ದಾಟಿದರೆ, ಅದರ ವೇಗ ಸೆಕೆಂಡಿಗೆ 4 ಕಿಲೋಮೀಟರು, ಕಾಂಕ್ರೀಟು ಒಳ್ಳೆಯದು. ಬಿರುಕೋ ಪೊಳ್ಳೋ ಅಡ್ಡಬಂದರೆ ತರಂಗವು ಸುತ್ತುಬಳಸಿ ಸಾಗಬೇಕಾಗಿ ತಡವಾಗುತ್ತದೆ. ವೇಗ 3 ಕಿಲೋಮೀಟರಿಗಿಂತ ಇಳಿದರೆ ಸಂಶಯಪಡಬೇಕು.

ತುಕ್ಕಿನ ಸುಳಿವು ಇವೆರಡಕ್ಕೂ ನೇರವಾಗಿ ಸಿಗದು. ಅದಕ್ಕೆ ಮೈಲುತುತ್ತದ ದ್ರಾವಣದಲ್ಲಿ ನಿಂತ ತಾಮ್ರದ ಕಡ್ಡಿಯನ್ನು ಮೇಲ್ಮೈಗೆ ತಾಗಿಸಿ, ಅದಕ್ಕೂ ಒಳಗಿನ ಸರಳಿಗೂ ಇರುವ ವಿದ್ಯುದ್ವಿಭವದ ಅಂತರವನ್ನು ಅಳೆಯುತ್ತಾರೆ. ಋಣ 350 ಮಿಲಿವೋಲ್ಟನ್ನು ಅದು ಮೀರಿದ್ದರೆ ತುಕ್ಕು ಹಿಡಿಯುತ್ತಿರುವ ಸಂಭವ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ಸರಳು ಎಷ್ಟು ಸವೆದಿದೆಯೆಂಬುದನ್ನು ಮಾತ್ರ ಅದು ತಿಳಿಸದು. ಸರಳಿಗೆ ತಂತಿ ಕಟ್ಟಲು ಒಂದೆಡೆ ಸಣ್ಣ ಗುಂಡಿಯನ್ನು ತೋಡಲೇಬೇಕಾದುದರಿಂದ, ‘ಅವಿನಾಶಕ’ವೆಂಬುದು ಇಲ್ಲಿ ತುಸು ಉದಾರವಾದ ಮಾತು!

ಈ ಮೂರೂ ಸಾಲದ ಪ್ರಸಂಗವನ್ನು ರಾಜಾಜಿನಗರದ ಉತ್ತರಕ್ಕೆ, ತುಮಕೂರು ರಸ್ತೆಯಲ್ಲಿರುವ ಪೀಣ್ಯದ ಮೇಲ್ಸೇತುವೆಯಲ್ಲಿ ನಮ್ಮ ನಗರವೇ ಕಂಡಿದೆ. ಅದರ ತೊಲೆಗಳೊಳಗೆ ಕೊಳವೆಗಳಲ್ಲಿ ಬಿಗಿದೆಳೆದ ಉಕ್ಕಿನ ಕೇಬಲುಗಳಿವೆ. 102 ಮತ್ತು 103ನೆಯ ಕಂಬಗಳ ನಡುವೆ ಇಂಥ ಎರಡು ಕೇಬಲುಗಳು ಕೆಟ್ಟಿರುವುದು ತಿಳಿದು, 2021ರ ಡಿಸೆಂಬರಿನಲ್ಲಿ ಸೇತುವೆಯನ್ನು ಮುಚ್ಚಿದರು. ಸುತ್ತಲಿನ ಕಾಂಕ್ರೀಟು ಎಷ್ಟೇ ಚೆನ್ನಾಗಿದ್ದರೂ ಕೊಳವೆಯೊಳಗಿನ ಕೇಬಲಿನ ಸ್ಥಿತಿಯನ್ನು ಮೇಲ್ಮೈಯ ಪರೀಕ್ಷೆಗಳಿಂದ ನೆಚ್ಚುವಂತೆ ತಿಳಿಯಲಾಗದು. ಭಾರತೀಯ ವಿಜ್ಞಾನ ಮಂದಿರದ ತಜ್ಞರ ಸಲಹೆ ಪಡೆದು, 2022ರ ಫೆಬ್ರವರಿಯಲ್ಲಿ ಲಘುವಾಹನಗಳಿಗೆ ಮಾತ್ರ ದಾರಿ ಬಿಟ್ಟರು. ಬಳಿಕ 120 ಅಂಕಣಗಳಲ್ಲಿಯೂ ಎರಡೆರಡು ಹೊಸ ಕೇಬಲುಗಳನ್ನು ಸೇರಿಸಿ, 2024ರ ಜನವರಿಯಲ್ಲಿ ಭಾರಪರೀಕ್ಷೆ ನಡೆಸಿದರು. ಭಾರ ಹೇರಿದಾಗ ಸೇತುವೆ ಎಷ್ಟು ಬಾಗುತ್ತದೆ, ಇಳಿಸಿದಾಗ ಎಷ್ಟು ಮೇಲೇಳುತ್ತದೆ ಎಂಬುದೇ ಇಂಥ ಪರೀಕ್ಷೆಯ ಪ್ರಶ್ನೆ. ಭಾರಿ ವಾಹನಗಳಿಗೆ ಅನುಮತಿ ದೊರೆತದ್ದು ಆ ವರ್ಷದ ಜುಲೈನಲ್ಲಿ.

ನಮ್ಮ ಯಜಮಾನರ ತಾರಸಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ನಿಗದಿಯಾದ ಭಾರವನ್ನು 24 ಗಂಟೆಗಳ ಕಾಲ ಹೇರಿ ತೆಗೆಯುತ್ತಾರೆ. ಮುಂದಿನ 24 ಗಂಟೆಗಳಲ್ಲಿ ಬಾಗಿನ ಮುಕ್ಕಾಲು ಪಾಲಾದರೂ ಮರಳಬೇಕೆಂಬುದು ಭಾರತೀಯ ಮಾನಕದ ನಿಯಮ. ಕಂಬಕ್ಕೆ ಈ ಸೌಲಭ್ಯವಿಲ್ಲ. ಅಲ್ಲಿ ಸುತ್ತಿಗೆಯೂ ಶಬ್ದತರಂಗವೂ ಬೇರೆ ಬೇರೆ ಮಾತಾಡಿದರೆ, ಒಂದು ಸಣ್ಣ ತುಂಡನ್ನು ಕೊರೆದು ತೆಗೆದು, ಯಂತ್ರದಲ್ಲಿಟ್ಟು ಒಡೆದೇ ನೋಡಬೇಕು.