ನೀರು ತಿಳಿಯಾಗಿದ್ದರೂ ಮೀನು ಸತ್ತದ್ದೇಕೆ?

ಪ್ರಶ್ನೆ: ಮಗಳ ಆಸೆಗೆಂದು ಎರಡಡಿ ಉದ್ದದ ಅಕ್ವೇರಿಯಂ ತಂದೆವು. ಅಂದೇ ನೀರು ತುಂಬಿಸಿ ಗಪ್ಪಿ, ಮೊಲ್ಲಿ, ನಿಯಾನ್ ಟೆಟ್ರಾ, ಎರಡು ಗೋಲ್ಡ್ ಫಿಶ್, ಒಂದು ಸಕ್ಕರ್ ಎಲ್ಲ ಸೇರಿ ಹದಿನೈದು ಮೀನು ಬಿಟ್ಟೆವು. ವಾರದೊಳಗೆ ಒಂದೊಂದೇ ಸಾಯತೊಡಗಿದವು. ನೀರನ್ನೆಲ್ಲ ಚೆಲ್ಲಿ, ಕಲ್ಲು, ಸ್ಪಂಜು ಎಲ್ಲವನ್ನೂ ನಲ್ಲಿಯಡಿ ಉಜ್ಜಿ ತೊಳೆದು ಹೊಸ ನೀರು ತುಂಬಿಸಿದೆ. ಸಕ್ಕರ್ ಒಂದು ಬಿಟ್ಟು ಉಳಿದವೆಲ್ಲ ಸತ್ತವು. ನೀರು ಮಾತ್ರ ಕೊನೆಯವರೆಗೂ ತಿಳಿಯಾಗಿಯೇ ಇತ್ತು. ತಪ್ಪಿದ್ದು ಎಲ್ಲಿ? ಮತ್ತೆ ಮೀನು ಸಾಕಬಹುದೇ?
— ಓದುಗರು, ತುಮಕೂರು

ಉತ್ತರ: ಖಂಡಿತ ಸಾಕಬಹುದು. ನಿಮ್ಮ ಪ್ರಶ್ನೆ ಬಹಳ ಜನರದು, ಕೇಳಿದ್ದು ಒಳ್ಳೆಯದಾಯಿತು. ಮೊದಲ ಅಕ್ವೇರಿಯಂ ತಂದವರಲ್ಲಿ ಹೆಚ್ಚಿನವರಿಗೆ ಆಗುವುದು ಇದೇ. ಮೀನಿಗೆ ರೋಗ ಬಂತೆಂದೋ ಅಂಗಡಿಯವರು ಮೋಸ ಮಾಡಿದರೆಂದೋ ಅಂದುಕೊಂಡು ಅನೇಕರು ತೊಟ್ಟಿಯನ್ನು ಅಟ್ಟಕ್ಕೇರಿಸಿಬಿಡುತ್ತಾರೆ. ನಿಮ್ಮ ವಿವರಣೆ ನೋಡಿದರೆ ಕಾರಣ ಬಹುಮಟ್ಟಿಗೆ ಒಂದೇ: ತೊಟ್ಟಿ ಇನ್ನೂ ಮೀನಿಗೆ ಸಿದ್ಧವಾಗಿರಲಿಲ್ಲ.

ಸಿದ್ಧವಾಗುವುದು ಎಂದರೆ ಏನೆಂದು ನೋಡೋಣ. ಮೀನು ತನ್ನ ದೇಹದ ಕಲ್ಮಶವನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ತಿಂದುಳಿದ ಆಹಾರ ಕೊಳೆತರೂ ಅಮೋನಿಯಾ ಹುಟ್ಟುತ್ತದೆ. ಕೆರೆಯಲ್ಲಿ ಅದು ಅಪಾರ ನೀರಿನಲ್ಲಿ ಹಂಚಿಹೋಗುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಇರುವುದು ಸುಮಾರು 55 ಲೀಟರ್ ನೀರು. ಹದಿನೈದು ಮೀನುಗಳ ಅಮೋನಿಯಾ ಅಷ್ಟರಲ್ಲೇ ಸೇರಿಕೊಂಡು ಕೆಲವೇ ದಿನಗಳಲ್ಲಿ ಕಿವಿರುಗಳನ್ನು ಸುಡುತ್ತದೆ.

ಈ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕವನ್ನು ಹೊರಲಾರದು. ಏರ್ ಪಂಪ್ ಗುಳ್ಳೆ ಬಿಡುತ್ತಲೇ ಇದ್ದರೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಬಳಿಕ ಇನ್ನೊಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದು ಅಷ್ಟು ಅಪಾಯಕಾರಿಯಲ್ಲ. ಸ್ವಲ್ಪವನ್ನು ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದು ನಾವು ನೀರು ಬದಲಿಸುವಾಗ ಹೋಗುತ್ತದೆ. ಈ ಎರಡೂ ಬಗೆಯ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀವು ಮೀನು ಬಿಟ್ಟದ್ದು ಮೊದಲ ದಿನವೇ.

ಇಲ್ಲಿ ಒಂದು ಗೊಂದಲ ಸಹಜವಾಗಿಯೇ ಆಗುತ್ತದೆ. ನೀರು ತಿಳಿಯಾಗಿದ್ದರೆ ಶುದ್ಧವಾಗಿದೆ ಎಂದುಕೊಳ್ಳುತ್ತೇವೆ. ಆದರೆ ಅಮೋನಿಯಾಕ್ಕಾಗಲಿ ನೈಟ್ರೈಟಿಗಾಗಲಿ ಬಣ್ಣವಿಲ್ಲ. ಮೀನನ್ನು ಕೊಲ್ಲುವಷ್ಟಿದ್ದರೂ ನೀರು ಫಳಫಳ ಹೊಳೆಯುತ್ತಿರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಹೊಸ ತೊಟ್ಟಿಯ ನೀರು ಮೊದಲ ವಾರಗಳಲ್ಲಿ ಹಾಲು ಬೆರೆಸಿದಷ್ಟು ಮಬ್ಬಾದರೆ ಹೆದರಬೇಕಿಲ್ಲ, ಅದು ತಾನಾಗಿಯೇ ತಿಳಿಯಾಗುತ್ತದೆ. ಇನ್ನು ತೊಳೆದ ವಿಷಯ. ಮನೆಯ ಪಾತ್ರೆಗೆ ಒಳ್ಳೆಯದಾದ ಆ ಅಭ್ಯಾಸ ತೊಟ್ಟಿಗೆ ಕೆಟ್ಟದ್ದು. ಉಪಕಾರಿ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಇರುವುದು ನೀರಿನಲ್ಲಲ್ಲ, ಫಿಲ್ಟರಿನ ಸ್ಪಂಜು ಮತ್ತು ಕಲ್ಲುಗಳ ಮೇಲೆ. ಆ ವಾರದಲ್ಲಿ ಬೆಳೆದಿದ್ದ ಅಷ್ಟಿಷ್ಟು ಬ್ಯಾಕ್ಟೀರಿಯಾಗಳೂ ಉಜ್ಜಿದ್ದಕ್ಕೆ ಮತ್ತು ನಲ್ಲಿ ನೀರಿನ ಕ್ಲೋರಿನ್‌ಗೆ ನಾಶವಾಗಿರಬೇಕು. ಒಮ್ಮೆಲೇ ಪೂರ್ತಿ ನೀರು ಬದಲಾದ ಆಘಾತ ಬೇರೆ.

ಈಗ ಹೀಗೆ ಮಾಡಿ. ಉಳಿದ ಸಕ್ಕರನ್ನು ದೊಡ್ಡ ತೊಟ್ಟಿ ಇರುವ ಪರಿಚಯದವರಿಗೋ ಅಂಗಡಿಗೋ ಕೊಡಿ. ನೇರ ಬಿಸಿಲು ಬೀಳದ, ಗಟ್ಟಿಯಾದ ಮೇಜಿನ ಮೇಲೆ ತೊಟ್ಟಿ ಇಡಿ. ನೀರು, ಕಲ್ಲು, ಗಾಜು ಸೇರಿದರೆ ಭಾರ 70 ಕಿಲೋ ಸಮೀಪಿಸುತ್ತದೆ. ನಲ್ಲಿ ನೀರನ್ನು ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂಬ ಹನಿ ಸಿಗುತ್ತದೆ. ಆರ್‌ಒ ನೀರನ್ನಷ್ಟೇ ತುಂಬಿಸಬೇಡಿ, ಮೀನಿಗೆ ಬೇಕಾದ ಲವಣಗಳು ಅದರಲ್ಲಿರುವುದಿಲ್ಲ. ಸ್ಪಂಜ್ ಫಿಲ್ಟರ್ ಹಾಕಿ ಹಗಲೂ ರಾತ್ರಿ ಓಡಿಸಿ. ಕರೆಂಟು ಉಳಿಸಲೆಂದು ರಾತ್ರಿ ನಿಲ್ಲಿಸುವವರಿದ್ದಾರೆ. ಆ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. 5 ವ್ಯಾಟಿನ ಪಂಪ್ ತಿಂಗಳಿಡೀ ಓಡಿದರೂ ನಾಲ್ಕು ಯೂನಿಟ್ ಮೀರುವುದಿಲ್ಲ.

ಮೀನಿಲ್ಲದ ಆ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಅದು ಕೊಳೆತು ಬರುವ ಅಮೋನಿಯಾವೇ ಬ್ಯಾಕ್ಟೀರಿಯಾಗಳಿಗೆ ಊಟ. ಪರಿಚಯದವರ ಮನೆಯಲ್ಲಿ ರೋಗವಿಲ್ಲದ ಹಳೆಯ ಅಕ್ವೇರಿಯಂ ಇದ್ದರೆ ಅದರ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ನಿಮ್ಮ ತೊಟ್ಟಿಯಲ್ಲಿಡಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಕೆಲಸ ಬೇಗ ಆಗುತ್ತದೆ. ಟೆಸ್ಟ್ ಕಿಟ್ ಕೊಳ್ಳುವುದಕ್ಕೆ ಹಿಂಜರಿಯಬೇಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಿಕೊಂಡ ದಿನ ತೊಟ್ಟಿ ಸಿದ್ಧ. ನಿಮ್ಮದು ಬೋರ್‌ವೆಲ್ ನೀರಾದರೆ ಪಿಎಚ್ ಕೂಡ ನೋಡಿ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ.

ಜೀವಂತ ಗಿಡ ನೆಡಿ ಎಂದು ನಾನು ಒತ್ತಾಯಿಸುತ್ತೇನೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಇದ್ದದ್ದು ಎರಡು ಗೋಲ್ಡ್ ಫಿಶ್, ವ್ಯಾಲಿಸ್ನೇರಿಯಾ ಗಿಡ ಮತ್ತು ಕೊಳೆತ ಎಲೆ ತಿನ್ನಲು ಬಸವನಹುಳು. ಮನೆಯೊಳಗಿನ ಅಕ್ವೇರಿಯಂ ಹವ್ಯಾಸ ಬೆಳೆದದ್ದು ಇಂಥ ಪ್ರಯೋಗಗಳಿಂದಲೇ. ಬ್ಯಾಕ್ಟೀರಿಯಾಗಳ ಈ ಕೆಲಸ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ. ಅದೇ ವ್ಯಾಲಿಸ್ನೇರಿಯಾ ಇಂದು ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ, ಸಾಕುವುದೂ ಸುಲಭ.

ಇನ್ನು ಮೀನುಗಳ ಆಯ್ಕೆ. ಹಲವು ಜಾತಿಗಳು ಒಟ್ಟಿಗೆ ಬಾಳಬೇಕಾದರೆ ಅವುಗಳಿಗೆ ಬೇಕಾದ ನೀರು ಒಂದೇ ಬಗೆಯದಾಗಿರಬೇಕು. ಗೋಲ್ಡ್ ಫಿಶ್ ತಂಪು ನೀರಿನದು, ದೊಡ್ಡದಾಗಿ ಬೆಳೆಯುತ್ತದೆ, ಬಹಳ ಗಲೀಜು ಮಾಡುತ್ತದೆ; ಈ ಗುಂಪಿಗೆ ಅದು ಬೇಡ. ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದ ನಿಯಾನ್ ಟೆಟ್ರಾಗಳು ಮೆದು ನೀರಿಗೆ ಹೊಂದಿದವು. ಮೊಲ್ಲಿಗೆ ಗಡಸು ನೀರೇ ಹಿತ. ನಿಮ್ಮ ನೀರು ಗಡಸಾಗಿದ್ದರೆ ಗಪ್ಪಿ, ಪ್ಲ್ಯಾಟಿ, ಮೊಲ್ಲಿಗಳಲ್ಲೇ ಉಳಿಯಿರಿ. ಇವು ಬೇಗ ಮರಿ ಹಾಕುತ್ತವೆ, ಆದ್ದರಿಂದ ಗಂಡುಗಳನ್ನಷ್ಟೇ ತಂದರೆ ಸಂಖ್ಯೆ ಹತೋಟಿಯಲ್ಲಿರುತ್ತದೆ. ನಮ್ಮ ದೇಶದ ತೊರೆಗಳದೇ ಆದ ಜೀಬ್ರಾ ಡ್ಯಾನಿಯೊ ಗಟ್ಟಿ ಜೀವ, ಆದರೆ ಗುಂಪಿನಲ್ಲಿ ಬಾಳುವಂಥದ್ದು; ಕನಿಷ್ಠ ಆರು ಇರಲಿ. ಏಂಜೆಲ್ ಫಿಶ್ ಬೆಳೆದ ಮೇಲೆ ಸಣ್ಣ ಮೀನುಗಳನ್ನು ನುಂಗುತ್ತದೆ.

ಒಂದೇ ಸಲ ಎಲ್ಲವನ್ನೂ ತರಬೇಡಿ. ಮೊದಲು ಐದಾರು ಮೀನು, ಎರಡು ವಾರ ಕಳೆದು ಇನ್ನಷ್ಟು. ಮೀನು ತಂದ ಕವರನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ಆಮೇಲೆ ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಿ. ನೀರಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಚಳಿಗಾಲದ ರಾತ್ರಿಗಳಿಗೆ 50 ವ್ಯಾಟಿನ ಹೀಟರ್ ಇಟ್ಟುಕೊಳ್ಳಿ.

ಮುಂದಿನ ಆರೈಕೆ ಕಷ್ಟದ್ದಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಅಷ್ಟೇ ಹೊಸ ನೀರು ಹಾಕಿ. ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಹಗುರವಾಗಿ ಹಿಂಡಿ, ನಲ್ಲಿಯಡಿ ಹಿಡಿಯಬೇಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿ. ಮಗಳು ಪ್ರೀತಿಯಿಂದ ಹೆಚ್ಚು ಹಾಕುತ್ತಾಳೆ ಎಂದಾದರೆ ದಿನದ ಪಾಲನ್ನು ಒಂದು ಡಬ್ಬಿಯಲ್ಲಿ ತೆಗೆದಿಟ್ಟು ಅವಳ ಕೈಗೆ ಕೊಡಿ.

ಕೊನೆಗೆ ಆ ಸಕ್ಕರ್ ಬಗ್ಗೆ ಒಂದು ಮಾತು. ಪಾಚಿ ತಿನ್ನುತ್ತದೆ ಎಂದು ಎಲ್ಲರಿಗೂ ಮಾರುವ ಈ ಮೀನು ಒಂದಡಿಗೂ ಮೀರಿ ಬೆಳೆಯುತ್ತದೆ, ನಿಮ್ಮ ತೊಟ್ಟಿ ಅದಕ್ಕೆ ಸಾಲದು. ಹೀಗೆ ಬೆಳೆದವನ್ನು ಜನ ತಂದು ಬಿಟ್ಟಿದ್ದರಿಂದಲೇ ನಮ್ಮ ದೇಶದ ಹಲವು ಕೆರೆ, ನದಿಗಳಲ್ಲಿ ಅದು ಇಂದು ನೆಲೆಯೂರಿ ನಾಡಿನ ಮೀನುಗಳಿಗೆ ಕಂಟಕವಾಗಿದೆ. ಸಾಕಲು ಆಗದ ಮೀನನ್ನು, ಅದು ಯಾವುದೇ ಇರಲಿ, ದಯವಿಟ್ಟು ಊರ ಕೆರೆಗೆ ಬಿಡಬೇಡಿ.